ಬೀದಿಯ ಸುದ್ದಿ ಬರೆಯುವವರು ಯಾರು?



ನವೆಂಬರ್ ಬಂತೆಂದರೆ ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ಕಗ್ಗ ಹೇಳುವ ಸ್ಪರ್ಧೆ ಇದ್ದೇ ಇರುತ್ತದೆ. ಹಿಂದಿನ ರಾತ್ರಿ ಅಮ್ಮನ ಕೈಲಿ ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆಸಿಕೊಂಡು, ಉರು ಹೊಡೆದು, ಮೈಕಿನ ಮುಂದೆ ಒಂದೇ ಉಸಿರಿಗೆ ಒಪ್ಪಿಸಿ, ಸ್ಟೀಲ್ ಡಬ್ಬಿಯ ಬಹುಮಾನ ತೆಗೆದುಕೊಂಡು ಇಳಿದವರು ನಿಮ್ಮಲ್ಲಿ ಬಹಳ ಮಂದಿ. ತೀರ್ಪುಗಾರರ ಸಾಲಿನಲ್ಲಿ ಕುಳಿತು ನಾನೂ ಅಂಕ ಹಾಕಿದ್ದೇನೆ. ಒಂದು ವರ್ಷ, ಚೆನ್ನಾಗಿ ಹೇಳಿದ ಹುಡುಗನೊಬ್ಬನನ್ನು ಹತ್ತಿರ ಕರೆದು, "ಡಿ.ವಿ.ಜಿ. ಅಂದರೆ ಯಾರಪ್ಪ?" ಎಂದು ಕೇಳಿದೆ. "ಕಗ್ಗದ ತಾತ, ಆಂಟಿ. ಸನ್ಯಾಸಿ ಥರ ಇದ್ದರಂತೆ" ಅಂದ. ಪಾಪ, ಅವನಿಗೆ ಸಿಕ್ಕ ಚೀಟಿಯಲ್ಲಿ ಅಷ್ಟೇ ಇತ್ತು.

ಆ ತಾತ ಸನ್ಯಾಸಿಯಲ್ಲ, ಪತ್ರಕರ್ತ. 'ಮಂಕುತಿಮ್ಮನ ಕಗ್ಗ' ಅಚ್ಚಾದದ್ದು 1943ರಲ್ಲಿ, ಅವರಿಗೆ ಐವತ್ತಾರು ತುಂಬಿದ ಮೇಲೆ. ಅದಕ್ಕೆ ಮುಂಚೆ ಎಷ್ಟೋ ವರ್ಷ ಅವರು ಸುದ್ದಿ ಬರೆದು, ಪ್ರೂಫ್ ತಿದ್ದಿ, ಅಚ್ಚುಕೂಟದ ಸಾಲ ತೀರಿಸುತ್ತ ಬದುಕಿದವರು. ಈ ಸಲ ಅವರ ಪದ್ಯದ ಮಾತು ಬೇಡ. ಅವರು ಊರಿನ ರಾಜಕೀಯವನ್ನೂ ಪತ್ರಿಕೆಯನ್ನೂ ಹೇಗೆ ಕಂಡರು, ಅದಕ್ಕೂ ಪೀತಮ್‌ಪುರದ ನಮ್ಮ ನಿಮ್ಮ ಮನೆಯ ಮುಂದಿನ ಚರಂಡಿಗೂ ಏನು ಸಂಬಂಧ ಎಂಬುದನ್ನು ಹೇಳಬೇಕೆಂದು ಕುಳಿತಿದ್ದೇನೆ. ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಇದ್ದರು, ಬೆಂಗಳೂರಿಗೆ ಬಂದು ಜಟಕಾ ಗಾಡಿಗೆ ಬಣ್ಣ ಹಾಕುವ ಕಡೆಯೂ ಕೆಲಸ ಮಾಡಿದರು. ಆಮೇಲೆ 'ಸೂರ್ಯೋದಯ ಪ್ರಕಾಶಿಕಾ' ಎಂಬ ಪತ್ರಿಕೆ ಸೇರಿದರು. ಅಲ್ಲಿಂದ ಮುಂದೆ ಶಾಯಿಯ ವಾಸನೆ ಅವರನ್ನು ಬಿಡಲಿಲ್ಲ. ಮೆಟ್ರಿಕ್ ಫೇಲಾದ ಈ ಹುಡುಗನೇ ಮುಂದೆ ಇಂಗ್ಲಿಷ್ ಪತ್ರಿಕೆಯ ಸಂಪಾದಕರಾದರು ಎಂದಾಗ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಹಾಲಿನವನ ಲೆಕ್ಕ ಬರೆಯುತ್ತಿರುವ ನನ್ನಂಥವಳಿಗೆ ಸ್ವಲ್ಪ ನಗು, ಸ್ವಲ್ಪ ಹೊಟ್ಟೆಕಿಚ್ಚು ಎರಡೂ ಬರುತ್ತವೆ!

ಅವರು ಪತ್ರಿಕಾ ಕೆಲಸಕ್ಕೆ ಬಂದ ಹೊಸದರಲ್ಲೇ ಮೈಸೂರು ಸಂಸ್ಥಾನದಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳ ಮೇಲೆ ಒಂದು ಕಾನೂನು ಬಂತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವ ಹಾಗಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ಬೇಕಾದಾಗ ಹಿಂದಕ್ಕೆ ತೆಗೆದುಕೊಳ್ಳಬಹುದು. ಆಗ ಮೈಸೂರಿನಲ್ಲಿ ಎಂ. ವೆಂಕಟಕೃಷ್ಣಯ್ಯನವರಿದ್ದರು. ಜನ ಅವರನ್ನು ಪ್ರೀತಿಯಿಂದ 'ತಾತಯ್ಯ' ಎಂದು ಕರೆಯುತ್ತಿದ್ದರು. ಮೇಷ್ಟರೂ ಹೌದು, ಸಂಪಾದಕರೂ ಹೌದು. ಅವರು ಮತ್ತು ಅವರಂಥವರು, ಅಪ್ಪಣೆ ಕೇಳಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಎಂದು ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಯೋಚನೆ ಮಾಡಿ ನೋಡಿ, ಮುಚ್ಚಿದ ಪತ್ರಿಕೆಯೂ ಒಂದು ಸುದ್ದಿಯೇ. ಆದರೆ ಆ ಸುದ್ದಿಯನ್ನು ಅಚ್ಚು ಹಾಕುವುದಕ್ಕೆ ಪತ್ರಿಕೆಯಿಲ್ಲ. ಆಗ ಗುಂಡಪ್ಪನವರಿಗೆ ಇಪ್ಪತ್ತೊಂದು ವರ್ಷ. ಹೆಚ್ಚುಕಡಿಮೆ ನಿಮ್ಮ ವಯಸ್ಸು.

ಐದು ವರ್ಷ ಕಳೆದು 1913ರಲ್ಲಿ ಅವರು ತಮ್ಮದೇ ಪತ್ರಿಕೆ ಶುರುಮಾಡಿದರು. ಹೆಸರು 'ಕರ್ನಾಟಕ'. ವಾರಕ್ಕೆ ಎರಡು ಸಲ, ಇಂಗ್ಲಿಷಿನಲ್ಲಿ. ಅಧಿಕಾರಿಗಳು ಓದುವುದು ಇಂಗ್ಲಿಷ್. ಅವರ ಕಿವಿಗೆ ಬೀಳಬೇಕಾದರೆ ಅವರ ಭಾಷೆಯಲ್ಲೇ ಹೇಳಬೇಕು. ಈ ವಿಷಯದಲ್ಲಿ ನನಗೇನೂ ತಕರಾರಿಲ್ಲ. ನೀವು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ, ಅರ್ಜಿಯಲ್ಲಿ ಇಂಗ್ಲಿಷ್ ಬಳಸುತ್ತೀರಿ, ಹಾಗೆಯೇ ಅದು.

ಆಗ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಗುಂಡಪ್ಪನವರಿಗೆ ಅವರ ಮೇಲೆ ಬಹಳ ಗೌರವ, ಅವರಿಗೂ ಇವರನ್ನು ಕಂಡರೆ ವಿಶ್ವಾಸ. ಈಗ ದಸರೆಯ ವಿಷಯ ಕೇಳಿ. ಮೈಸೂರು ದಸರಾ ಎಂದರೆ ನಿಮಗೆ ಆನೆ, ಅಂಬಾರಿ, ದೀಪ. ಆ ಕಾಲಕ್ಕೆ ದಸರಾ ಎಂದರೆ ರಾಜಕೀಯವೂ ಹೌದು. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ಸೇರುತ್ತಿದ್ದದ್ದು ದಸರೆಯ ಸಮಯದಲ್ಲಿ. ತಾಲೂಕುಗಳಿಂದ ಪ್ರತಿನಿಧಿಗಳು ಬಂದು ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳಿಕೊಳ್ಳುತ್ತಿದ್ದರು, ದಿವಾನರು ಸರ್ಕಾರದ ವರದಿ ಓದುತ್ತಿದ್ದರು. ಆದ್ದರಿಂದ ಪತ್ರಕರ್ತರಿಗೂ ಅದು ಸುಗ್ಗಿ. ಹಾಗೆ ಬಂದ ಪತ್ರಕರ್ತರಿಗೆ ಸರ್ಕಾರದಿಂದ ಖರ್ಚಿನ ಹಣ ಕೊಡುವ ಪದ್ಧತಿ ಇತ್ತು. ಗುಂಡಪ್ಪನವರು ಅದನ್ನು ಮುಟ್ಟಲಿಲ್ಲ. ಕೊಡುವವರು ಕೆಟ್ಟವರಲ್ಲ, ಅದು ಲಂಚವೂ ಅಲ್ಲ, ಮರ್ಯಾದೆ ಎಂದೇ ಕೊಟ್ಟದ್ದು. ಆದರೂ ನಾಳೆ ಆ ಸರ್ಕಾರದ ತಪ್ಪನ್ನು ಬರೆಯಬೇಕಾದ ಕೈ ಇವತ್ತು ಅದರ ಮುಂದೆ ಚಾಚಬಾರದು ಎಂಬುದು ಅವರ ಲೆಕ್ಕ. ಸರ್ಕಾರಕ್ಕಾಗಿ ಮಾಡಿಕೊಟ್ಟ ಕೆಲಸಕ್ಕೆ ಬಂದ ಚೆಕ್ಕುಗಳನ್ನೂ ಅವರು ನಗದು ಮಾಡಿಸದೆ ಪೆಟ್ಟಿಗೆಯಲ್ಲಿಟ್ಟಿದ್ದರು, ತೀರಿಕೊಂಡ ಮೇಲೆ ಅವು ಸಿಕ್ಕವು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ.

ಇಲ್ಲಿಗೆ ಬಂದಾಗಲೆಲ್ಲ ನನಗೆ ಅವರ ಹೆಂಡತಿ ಭಾಗೀರಥಮ್ಮನವರ ನೆನಪಾಗುತ್ತದೆ. ಅವರ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ಬಂಧುಗಳ ಮನೆಯಲ್ಲಿ ಏನೋ ಶುಭಕಾರ್ಯ. ಮಕ್ಕಳನ್ನೆಲ್ಲ ಕಳಿಸಿ ತಾವು ಮಾತ್ರ ಮನೆಯಲ್ಲೇ ಉಳಿದರಂತೆ. ಗಂಡ ಏಕೆಂದು ವಿಚಾರಿಸಿದರೆ, ಇರುವುದೊಂದು ಸೀರೆ, ಅದೂ ಹರಿದಿದೆ. ಅದನ್ನುಟ್ಟು ನಾಲ್ಕು ಜನರ ಮುಂದೆ ಹೋದರೆ ನಿಮ್ಮ ಹೆಸರಿಗೆ ಕುಂದು ಎಂದರಂತೆ. ಭಾಷಣ ಮಾಡುವವರು ಈ ಕಥೆಯನ್ನು ಡಿ.ವಿ.ಜಿ.ಯವರ ತ್ಯಾಗ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಪಾದಕರ ಸ್ವಾತಂತ್ರ್ಯದ ಬಿಲ್ಲು ಅಡುಗೆಮನೆಗೆ ಬಂತು, ತೆತ್ತವರು ಭಾಗೀರಥಮ್ಮ. ಪುಸ್ತಕದಲ್ಲಿ ಅವರ ಪಾಲಿಗೆ ಬಂದದ್ದು ನಾಲ್ಕು ಸಾಲು ಅಷ್ಟೆ. ಪತ್ರಿಕೆ ಯಾರ ಹಂಗೂ ಇಲ್ಲದೆ ನಡೆಯಬೇಕು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಹಾಗೆ ನಡೆಯುವುದಕ್ಕೆ ಯಾರಾದರೂ ದುಡ್ಡು ಕೊಡಲೇಬೇಕು. ಓದುವವರು ಕೊಡದಿದ್ದರೆ ಮನೆಯವರು ಕೊಡುತ್ತಾರೆ, ಮನೆಯವರು ಸೋತರೆ ದೊರೆಗಳು ಕೊಡಲು ಸದಾ ಸಿದ್ಧ. 2009ರ ಚುನಾವಣೆಯ ನಂತರ ದುಡ್ಡು ತೆಗೆದುಕೊಂಡು ಅಭ್ಯರ್ಥಿಗಳ ಹೊಗಳಿಕೆಯನ್ನು ಸುದ್ದಿಯೆಂದು ಅಚ್ಚು ಹಾಕಿದ ಬಗ್ಗೆ ಪ್ರೆಸ್ ಕೌನ್ಸಿಲ್ಲೇ ವಿಚಾರಣೆ ಮಾಡಿತಲ್ಲ, ಆ 'ಪೇಯ್ಡ್ ನ್ಯೂಸ್' ಆಕಾಶದಿಂದ ಉದುರಿದ್ದಲ್ಲ. ಮೂರು ರೂಪಾಯಿಗೆ ಇಪ್ಪತ್ತು ಪುಟ ಬೇಕೆನ್ನುವ ನಮ್ಮಂಥ ಓದುಗರೂ ಅದಕ್ಕೆ ಗೊಬ್ಬರ ಹಾಕಿದ್ದೇವೆ.

'ಕರ್ನಾಟಕ' ಕೆಲವು ವರ್ಷ ನಡೆದು ನಿಂತಿತು. ಗುಂಡಪ್ಪನವರು ನಿಲ್ಲಲಿಲ್ಲ. 1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಕರ್ತರ ಮೊದಲ ಸಮ್ಮೇಳನ ಸೇರಿದಾಗ ಅಧ್ಯಕ್ಷರು ಅವರೇ. ಪತ್ರಿಕೋದ್ಯಮದ ಮೇಲೆ 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೇ ಬರೆದರು. ಬೆಂಗಳೂರಿನ ಪುರಸಭೆಯಲ್ಲಿ ಸದಸ್ಯರಾಗಿದ್ದರು, ಮುಂದೆ 1940ರವರೆಗೂ ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿದ್ದರು. ಹೀಗೆ ಬರೆಯುವವರ ಬೆಂಚಿನಲ್ಲೂ ಕುಳಿತು, ಆಳುವವರ ಬೆಂಚಿನ ಹತ್ತಿರವೂ ಕುಳಿತು ನೋಡಿದವರು ಅವರು. ಆ ಮೇಲೆ ಅವರಿಗೆ ಹೊಳೆದದ್ದನ್ನು ನಾನು ಅರ್ಥಮಾಡಿಕೊಂಡ ಹಾಗೆ ಹೇಳುತ್ತೇನೆ. ಪ್ರಜೆಗೆ ತಿಳಿವಳಿಕೆಯಿಲ್ಲದೆ ಪ್ರಜಾಪ್ರಭುತ್ವ ನಡೆಯುವುದಿಲ್ಲ. ವೋಟು ಹಾಕಿ ಮನೆಗೆ ಹೋದರೆ ಅರ್ಧ ಕೆಲಸವೂ ಆಗಲಿಲ್ಲ. ಪತ್ರಿಕೆಯವನು ಆ ತಿಳಿವಳಿಕೆಗೆ ಬೇಕಾದ ಸಾಮಾನು ತಂದು ಹಾಕಬಲ್ಲ. ಅಕ್ಕಿಬೇಳೆ ಮನೆಗೆ ಬಂದ ಮಾತ್ರಕ್ಕೆ ಅಡುಗೆಯಾಗುತ್ತದೆಯೇ? ಆರಿಸಿ, ತೊಳೆದು, ಬೇಯಿಸುವವರು ಬೇಕು.

ಅದಕ್ಕಾಗಿಯೇ 1945ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟಿತು. ಗೋಪಾಲಕೃಷ್ಣ ಗೋಖಲೆಯವರು ಗುಂಡಪ್ಪನವರಿಗೆ ಆದರ್ಶ. ನರಸಿಂಹರಾಜ ಕಾಲೊನಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಈ ಸಂಸ್ಥೆಯಿದೆ. ರಜೆಗೆ ಅಜ್ಜಿ ಮನೆಗೆ ಹೋದಾಗ ಮಾಲ್‌ಗಳ ಸುತ್ತು ಮುಗಿದ ಮೇಲೆ ಒಮ್ಮೆ ಆ ಕಡೆಯೂ ಹೋಗಿ ಬನ್ನಿ. ಅಲ್ಲಿ ಗೀತೆ, ಕಗ್ಗಗಳ ಪಾಠದ ಜೊತೆಗೆ ಬಜೆಟ್ಟು, ಮಸೂದೆ, ರಾಜ್ಯಾಂಗಗಳ ಚರ್ಚೆಯೂ ನಡೆಯಿತು. 'ಪಬ್ಲಿಕ್ ಅಫೇರ್ಸ್' ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ಅವರು ಮುಪ್ಪಿನಲ್ಲೂ ತಾವೇ ಸಂಪಾದಿಸಿದರು. 1970ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಸನ್ಮಾನ ಮಾಡಿ ನಿಧಿ ಒಪ್ಪಿಸಿದರೆ ಅದನ್ನೂ ಸಂಸ್ಥೆಗೇ ಕೊಟ್ಟುಬಿಟ್ಟರು. ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು. ಆಗ ದೇಶದಲ್ಲಿ ತುರ್ತುಪರಿಸ್ಥಿತಿ. ಅದಕ್ಕೆ ಮೂರೂವರೆ ತಿಂಗಳ ಹಿಂದೆ, ಜೂನ್ 25ರ ರಾತ್ರಿ, ನಮ್ಮ ಇದೇ ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ಕರೆಂಟು ತೆಗೆದಿದ್ದರು. 1908ರ ಅನುಮತಿಪತ್ರ ನೋಡಿದ್ದವರು ಕಣ್ಣು ಮುಚ್ಚುವಾಗ ಮತ್ತೆ ಪತ್ರಿಕೆಗಳ ಪ್ರೂಫು ಸರ್ಕಾರದ ಸೆನ್ಸಾರ್ ಮೇಜಿಗೆ ಹೋಗುತ್ತಿತ್ತು.

ಇದೆಲ್ಲ ಹಳೆಯ ಮೈಸೂರಿನ ಕಥೆ, ದೆಹಲಿಯಲ್ಲಿ ಹುಟ್ಟಿ ಬೆಳೆದ ನಮಗೇನು ಎನ್ನುತ್ತೀರಾ? ಹಾಗಾದರೆ ಪೀತಮ್‌ಪುರಕ್ಕೇ ಬನ್ನಿ.

ನಮ್ಮ ಬಡಾವಣೆಯ ಗುರುತೇ ಟಿ.ವಿ. ಟವರ್. 1988ರಲ್ಲಿ ಕಟ್ಟಿದ್ದು, 235 ಮೀಟರ್ ಎತ್ತರ. ಕೆಂಪು ಲೈನಿನ ಮೆಟ್ರೋದಲ್ಲಿ ಬರುವಾಗ ದೂರದಿಂದಲೇ ಅದು ಕಂಡರೆ, ಅಬ್ಬ, ಮನೆ ಹತ್ತಿರ ಬಂತು ಎನ್ನಿಸುತ್ತದೆ. ದೇಶದ ಸುದ್ದಿಯನ್ನು ಊರಿಗೆಲ್ಲ ಹಂಚಲು ಕಟ್ಟಿದ ಗೋಪುರ ಅದು. ಅದರ ನೆರಳಿನಲ್ಲಿ ಇರುವ ನಮ್ಮ ಸುದ್ದಿ ಮಾತ್ರ ಎಲ್ಲಿಯೂ ಬರುವುದಿಲ್ಲ! ಅಮೆರಿಕದ ಅಧ್ಯಕ್ಷರು ರಾತ್ರಿ ಏನೆಂದರು ಎಂದು ನಿಮಗೆ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಗೊತ್ತಿರುತ್ತದೆ. ನಿಮ್ಮ ವಾರ್ಡಿನ ಪಾರ್ಷದರ ಹೆಸರೇನು? ಈ ಪ್ರಶ್ನೆಯನ್ನು ನಾನು ನಮ್ಮ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಹನ್ನೊಂದು ಜನ ಹುಡುಗ ಹುಡುಗಿಯರಿಗೆ ಕೇಳಿದೆ. ಇಬ್ಬರು ಹೇಳಿದರು. ಅವರಲ್ಲಿ ಒಬ್ಬನಿಗೆ ಗೊತ್ತಿದ್ದದ್ದು ಆ ಹೆಸರಿನ ಪೋಸ್ಟರು ಅವರ ಮನೆಯ ಕಾಂಪೌಂಡಿಗೆ ಅಂಟಿದ್ದರಿಂದ.

ದೆಹಲಿಯಲ್ಲಿ ಯಾವುದು ಯಾರ ಕೆಲಸ ಎಂದು ತಿಳಿಯುವುದೇ ಒಂದು ವಿದ್ಯೆ. ಸಣ್ಣ ಚರಂಡಿ, ಕಸ, ಪಾರ್ಕು, ಪ್ರಾಥಮಿಕ ಶಾಲೆ, ಮನೆ ತೆರಿಗೆ, ಜನನ ಮರಣದ ದಾಖಲೆ ಇವೆಲ್ಲ ನಗರ ನಿಗಮದ್ದು. ಅಗಲವಾದ ರಸ್ತೆಗಳೂ ಅವುಗಳ ಪಕ್ಕದ ಚರಂಡಿಗಳೂ ದೆಹಲಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ಕುಡಿಯುವ ನೀರು, ಒಳಚರಂಡಿ ಜಲ ಮಂಡಳಿಗೆ. ಜಮೀನು ಡಿ.ಡಿ.ಎ.ಗೆ, ಪೊಲೀಸು ಕೇಂದ್ರ ಗೃಹ ಸಚಿವಾಲಯಕ್ಕೆ. ಮಳೆಗಾಲದಲ್ಲಿ ನಮ್ಮ ಗೇಟಿನ ಮುಂದೆ ಮೊಣಕಾಲುದ್ದ ನಿಲ್ಲುವ ನೀರಿಗೆ ಮಾತ್ರ ತಾನು ಯಾವ ಇಲಾಖೆಯದು ಎಂಬ ಅರಿವಿರುವುದಿಲ್ಲ. ಅದು ಎಲ್ಲರ ಮನೆಗೂ ಸಮನಾಗಿ ನುಗ್ಗುತ್ತದೆ.

ನಿಗಮದಲ್ಲಿ 250 ವಾರ್ಡುಗಳು. 2012ರಲ್ಲಿ ಮೂರು ಹೋಳಾಗಿದ್ದ ನಿಗಮವನ್ನು 2022ರಲ್ಲಿ ಮತ್ತೆ ಒಂದು ಮಾಡಿದರು. ಆ ಡಿಸೆಂಬರಿನಲ್ಲಿ ಚುನಾವಣೆ ಆಯಿತು. ಆಮೇಲಿನದು ನಿಮಗೆ ನೆನಪಿರಬಹುದು. ಮೇಯರ್ ಆಯ್ಕೆಗೆಂದು ಮೂರು ಸಲ ಸಭೆ ಸೇರಿ ಮೂರು ಸಲವೂ ಗಲಾಟೆಯಲ್ಲಿ ಮುರಿಯಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು, 2023ರ ಫೆಬ್ರವರಿ 22ರಂದು ಕೊನೆಗೂ ಮೇಯರ್ ಸಿಕ್ಕರು. ಅದರ ಬೆನ್ನಿಗೇ ಸ್ಥಾಯಿ ಸಮಿತಿಯ ಚುನಾವಣೆಯಲ್ಲಿ ಸದಸ್ಯರು ಕೈಕೈ ಮಿಲಾಯಿಸಿದರು, ನೀರಿನ ಬಾಟಲಿಗಳು ಹಾರಾಡಿದವು. ಟಿ.ವಿ.ಯವರು ಆ ದೃಶ್ಯವನ್ನು ಎಷ್ಟು ಸಲ ತೋರಿಸಿದರು! ನಮ್ಮ ಮನೆಯವರು ಚಹಾ ಹೀರುತ್ತ ಕ್ರಿಕೆಟ್ ನೋಡಿದ ಹಾಗೆ ನೋಡಿದರು.

ಆದರೆ ಆ ಸ್ಥಾಯಿ ಸಮಿತಿ ಎಂದರೇನು, ಅದಿಲ್ಲದಿದ್ದರೆ ನಮಗೇನು ನಷ್ಟ ಎಂದು ಎಷ್ಟು ಜನ ಹೇಳಿದರು? ಅದರಲ್ಲಿ ಹದಿನೆಂಟು ಜನ. ನಿಗಮದ ಹಣದ ಕೀಲಿಕೈ ಇರುವುದು ಅಲ್ಲಿ. ಆ ವರ್ಷಗಳಲ್ಲಿ ಐದು ಕೋಟಿ ರೂಪಾಯಿಗಿಂತ ದೊಡ್ಡ ಗುತ್ತಿಗೆಗೆ ಅದರ ಒಪ್ಪಿಗೆ ಬೇಕಿತ್ತು. ಕಸ ಸಾಗಿಸುವ ಗುತ್ತಿಗೆಯಂಥವು ಅದಕ್ಕಿಂತ ಚಿಕ್ಕದಾಗಿರುವುದು ಅಪರೂಪ. ಆ ಸಮಿತಿ ಸರಿಯಾಗಿ ಕುಳಿತದ್ದು 2025ರ ಜೂನ್‌ನಲ್ಲಿ, ಚುನಾವಣೆಯಾಗಿ ಎರಡೂವರೆ ವರ್ಷದ ಮೇಲೆ. ಬಾಟಲಿ ಹಾರಿದ್ದು ಒಂದು ರಾತ್ರಿಯ ಸುದ್ದಿ. ಸಮಿತಿ ಇಲ್ಲದೆ ಕಳೆದ ಎರಡೂವರೆ ವರ್ಷ ಯಾರ ಕಣ್ಣಿಗೂ ಸುದ್ದಿಯಾಗಿ ಕಾಣಲಿಲ್ಲ. ಇಂಗ್ಲಿಷ್ ಪತ್ರಿಕೆಗಳ ಒಳಪುಟಗಳಲ್ಲಿ ಕೆಲವರು ಪಾಪ ಬರೆದರು, ಇಲ್ಲವೆನ್ನುವುದಿಲ್ಲ. ಆದರೆ ಒಳಪುಟವನ್ನು ನಾವು ಬಟಾಟೆ ಸಿಪ್ಪೆ ಹಾಕುವುದಕ್ಕೆ ಇಟ್ಟುಕೊಂಡಿರುತ್ತೇವೆ.

ವಾರ್ಡಿನ ರಾಜಕೀಯ ಸಣ್ಣದು ಎಂದು ಮೂಗು ಮುರಿಯುವವರಿಗೆ ಇನ್ನೊಂದು ಮಾತು. 2025ರ ಫೆಬ್ರವರಿಯಲ್ಲಿ ದೆಹಲಿಯ ಮುಖ್ಯಮಂತ್ರಿಯಾದ ರೇಖಾ ಗುಪ್ತಾ ಅವರು 2007ರಲ್ಲಿ ಮೊದಲು ಗೆದ್ದದ್ದು ನಮ್ಮ ಉತ್ತರ ಪೀತಮ್‌ಪುರದ ಪಾರ್ಷದರಾಗಿ. ನಾನು ಯಾವ ಪಕ್ಷದ ಪರವಾಗಿಯೂ ವಿರೋಧವಾಗಿಯೂ ಹೇಳುತ್ತಿಲ್ಲ, ನಮ್ಮ ಪತ್ರಿಕೆಗೆ ಅದು ಸಲ್ಲದು. ಅವರು ಮುಖ್ಯಮಂತ್ರಿಯಾದ ದಿನ ಕ್ಯಾಮೆರಾಗಳು ಸಾಲುಗಟ್ಟಿ ಬಂದವು. ಅವರು ಪಾರ್ಷದರಾಗಿದ್ದ ವರ್ಷಗಳಲ್ಲಿ ವಾರ್ಡಿಗೆ ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು, ಯಾವ ಕೆಲಸ ಚೆನ್ನಾಗಿ ಆಯಿತು, ಯಾವುದು ಉಳಿಯಿತು ಎಂದು ಆಗಲೇ ಯಾರಾದರೂ ತಿಂಗಳಿಗೊಂದು ಪುಟ ಬರೆದಿಟ್ಟಿದ್ದರೆ? ಹೊಗಳುವವರಿಗೂ ಆಧಾರವಿರುತ್ತಿತ್ತು, ತೆಗಳುವವರಿಗೂ ಆಧಾರವಿರುತ್ತಿತ್ತು.

ಈಗ ನನ್ನನ್ನು ಈ ಅಂಕಣ ಬರೆಯಲು ಕೂರಿಸಿದ ಸಂಗತಿ. ಕಳೆದ ಚಳಿಗಾಲದ್ದು.

ನಮ್ಮ ಬ್ಲಾಕಿನ ವಾಟ್ಸಾಪ್ ಗುಂಪಿಗೆ ಒಂದು ಸಂಜೆ ವಿಡಿಯೋ ಬಂತು. ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೆಳಗೆ ಹಿಂದಿಯಲ್ಲಿ, ಮಕ್ಕಳ ಕಳ್ಳರು ನಮ್ಮ ಬಡಾವಣೆಗೆ ಬಂದಿದ್ದಾರೆ, ರೇಹಡಿಯವರ ವೇಷದಲ್ಲಿದ್ದಾರೆ, ಹೊರಗಿನವರನ್ನು ಗೇಟಿನೊಳಗೆ ಬಿಡಬೇಡಿ ಎಂದಿತ್ತು. ಮರುದಿನ ಬೆಳಿಗ್ಗೆ ನಮ್ಮ ತರಕಾರಿಯವನು ತಳ್ಳುಗಾಡಿ ನೂಕಿಕೊಂಡು ಬಂದ. ಆರೇಳು ವರ್ಷದಿಂದ ಬರುವವನು, ಬದಾಯೂಂ ಕಡೆಯವನು. ಕರಿಬೇವು ಕೇಳುವವಳು ಇಡೀ ಬ್ಲಾಕಿಗೆ ನಾನೊಬ್ಬಳೇ ಎಂದು ಅದನ್ನು ಪ್ರತ್ಯೇಕ ಕಟ್ಟಿ ತರುತ್ತಿದ್ದ. ನಾಲ್ಕು ಜನ ಸುತ್ತುವರಿದು ಆಧಾರ್ ಕಾರ್ಡು ತೋರಿಸು ಎಂದರು. ಒಬ್ಬ ಕಾಲರಿಗೆ ಕೈ ಹಾಕಿದ. ಟೊಮೇಟೊ ರಸ್ತೆಗೆ ಚೆಲ್ಲಿತು. ಹೊಡೆತ ಬೀಳಲಿಲ್ಲ, ಪುಣ್ಯ. ಅವನು ಗಾಡಿ ತಿರುಗಿಸಿಕೊಂಡು ಹೋದ.

ಪುಣ್ಯ ಎಂದು ಸುಮ್ಮನೆ ಹೇಳಲಿಲ್ಲ. 2018ರಲ್ಲಿ ಇದೇ ಬಗೆಯ ಸಂದೇಶಗಳಿಂದ ದೇಶದಲ್ಲಿ ಎಷ್ಟೋ ಅಮಾಯಕರ ಪ್ರಾಣ ಹೋಯಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಯುವಕ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕ. ಅವನ ಗುಂಪಿನವರು ಮಕ್ಕಳಿಗೆ ಚಾಕಲೇಟು ಕೊಟ್ಟರು ಎಂಬುದೇ ಅನುಮಾನಕ್ಕೆ ಸಾಕಾಯಿತು. ಅವನನ್ನು ಕೊಂದದ್ದು ನಮ್ಮ ಕರ್ನಾಟಕದ ನೆಲದಲ್ಲಿ. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಿತು.

ನಮ್ಮ ಬ್ಲಾಕಿನಲ್ಲಿ ಒಬ್ಬಳು ಕನ್ನಡದ ಹುಡುಗಿಯಿದ್ದಾಳೆ, ಬಿ.ಕಾಂ. ಎರಡನೇ ವರ್ಷ. ಹೆಸರು ಬರೆದರೆ ಜಗಳಕ್ಕೆ ಬರುತ್ತಾಳೆ. ಅವಳು ಆ ರಾತ್ರಿ ಕುಳಿತು ವಿಡಿಯೋದ ಮೂಲ ಹುಡುಕಿದಳು. ಅದು ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ಮಾಡಿದ್ದ ಕಿರುಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಭಾಗವನ್ನು ಯಾರೋ ಕತ್ತರಿಸಿ ಹರಿಯಬಿಟ್ಟಿದ್ದು. 2018ರಲ್ಲಿ ಓಡಾಡಿದ್ದೂ ಇದೇ. ಅವಳು ಪೊಲೀಸ್ ಠಾಣೆಗೂ ಅಪ್ಪನನ್ನು ಕರೆದುಕೊಂಡು ಹೋಗಿ ಕೇಳಿ ಬಂದಳು. ಅಂಥ ಒಂದು ದೂರೂ ಬಂದಿರಲಿಲ್ಲ. ಇದನ್ನೆಲ್ಲ ಹಿಂದಿಯಲ್ಲಿ ಎಂಟು ಸಾಲು ಬರೆದು ಗುಂಪಿಗೆ ಹಾಕಿದಳು.

ಹತ್ತು ನಿಮಿಷದಲ್ಲಿ ಅದು ಮಾಯವಾಯಿತು. ಗುಂಪಿನ ಯಜಮಾನಿಕೆ ಮಾಡುವ ಹಿರಿಯರು ಅಳಿಸಿ, "ಬೇಟಾ, ಈ ಗುಂಪಿನಲ್ಲಿ ರಾಜಕೀಯ ಬೇಡ" ಎಂದು ಬರೆದರು. ಸುಳ್ಳು ವಿಡಿಯೋ ಮಾತ್ರ ಹಾಗೇ ಇತ್ತು! ನಾನು ನಮ್ಮ ಮನೆಯವರಿಗೆ, "ನೋಡಿ, ನಮ್ಮ ಬ್ಲಾಕಿಗೂ 1908 ಬಂತು" ಎಂದೆ. ಅವರು ಕನ್ನಡಕ ಒರೆಸಿಕೊಂಡು, "ಅವಳ ಮನೆಯವರಿಗೆ ಸುಮ್ಮನೆ ತೊಂದರೆ ಕಣೇ" ಎಂದರು. ಅದೂ ಸುಳ್ಳಲ್ಲ. ಅವಳ ಅಮ್ಮನ ಜೊತೆ ಇಬ್ಬರು ಹೆಂಗಸರು ಮಾತು ಬಿಟ್ಟರು, ಸಂಜೆಯ ವಾಕಿಂಗ್ ಒಬ್ಬರೇ ಹೋಗಬೇಕಾಯಿತು. ಸೀರೆಯ ಕಥೆಯನ್ನು ಸುಮ್ಮನೆ ಹೇಳಲಿಲ್ಲ ನಾನು.

ಹುಡುಗಿ ಅದೇ ಎಂಟು ಸಾಲನ್ನು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಮದರ್ ಡೇರಿ ಬೂತಿನ ಪಕ್ಕದ ಗೋಡೆಗೆ ಅಂಟಿಸಿದಳು. ಬೆಳಿಗ್ಗೆ ಆರಕ್ಕೆ ಹಾಲಿಗೆ ಬರುವವರೆಲ್ಲ ಓದಿದರು. ಕೆಳಗೆ ತನ್ನ ಹೆಸರು, ಮನೆ ನಂಬರು ಹಾಕಿದ್ದಳು. ಅದೇ ದೊಡ್ಡದು. ವಿಡಿಯೋಗೆ ಹೆಸರಿರಲಿಲ್ಲ, ಚೀಟಿಗೆ ಹೆಸರಿತ್ತು. ತರಕಾರಿಯವನಿಗೆ ಮಾರುವ ಹಕ್ಕು ಇದೆಯೇ ಎಂದು ಯಾರೋ ಕೇಳಿದ್ದಕ್ಕೆ ಅವಳು ಮುಂದಿನ ವಾರ ಎರಡನೇ ಚೀಟಿ ಅಂಟಿಸಿದಳು. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯಿದೆ ಇದೆ, ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟು ಸ್ಥಾನ ವ್ಯಾಪಾರಿಗಳಿಗೇ ಮೀಸಲು, ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು ಎಂದೆಲ್ಲ ಅದರಲ್ಲಿತ್ತು. ನಾನು ಇಷ್ಟು ವರ್ಷ ಅವನ ಹತ್ತಿರ ಕೊತ್ತಂಬರಿ ಕೊಸರು ಕೇಳಿದ್ದೇನೆಯೇ ಹೊರತು ಅವನಿಗೊಂದು ಕಾಯಿದೆ ಇದೆ ಎಂದು ಕೇಳಿರಲಿಲ್ಲ.

ಮೂರು ವಾರ ಕಳೆದು ತರಕಾರಿಯವನು ಬಂದ, ಗೇಟಿನ ಹೊರಗೇ ನಿಂತ. ಈಗಲೂ ಒಳಗೆ ಬರುವುದಿಲ್ಲ. "ಇಲ್ಲೇ ಸರಿ, ಮಾತಾಜಿ" ಎನ್ನುತ್ತಾನೆ. ಅವನ ಜೊತೆ ಬರುತ್ತಿದ್ದ ಕುಕ್ಕರ್ ರಿಪೇರಿಯವನು ಮತ್ತೆ ಬರಲೇ ಇಲ್ಲ. ಕಾಲರಿಗೆ ಕೈ ಹಾಕಿದವರು ಈಗಲೂ ನನಗೆ ನಮಸ್ತೆ ಹೇಳುತ್ತಾರೆ, ನಾನೂ ಹೇಳುತ್ತೇನೆ. ಒಂದೇ ಮೆಟ್ಟಿಲು ಹತ್ತಿ ಇಳಿಯುವವರು ನಾವು.

ಪತ್ರಕರ್ತರು ಎಂದರೆ ಟಿ.ವಿ.ಯಲ್ಲಿ ಕಿರುಚುವವರು, ರಾಜಕೀಯವೆಂದರೆ ಕೊಳಕು ಎಂದು ನಿಮ್ಮಲ್ಲಿ ಕೆಲವರು ನನ್ನ ಮುಂದೆಯೇ ಹೇಳಿದ್ದೀರಿ. ಆ ಮಾತಿಗೆ ನಾನು ವಾದ ಹೂಡುವುದಿಲ್ಲ, ಅವಳ ಚೀಟಿಯನ್ನು ತೋರಿಸುತ್ತೇನೆ ಅಷ್ಟೆ. ಈಗ ಅದು ಐದನೆಯದಕ್ಕೆ ಬಂದಿದೆ. ಈ ಸಲದ ವಿಷಯ, ನಮ್ಮ ಪಾರ್ಕಿನ ಪಕ್ಕದ ಚರಂಡಿಯ ಹೂಳು ಯಾವ ತಾರೀಖಿಗೆ ತೆಗೆದರು, ತೆಗೆದದ್ದನ್ನು ಎಷ್ಟು ದಿನ ರಸ್ತೆಯ ಮೇಲೆಯೇ ಬಿಟ್ಟರು ಎಂಬುದು. ಹೂಳು ತೆಗೆದ ಕೂಲಿಯವರು ನಾಲ್ವರು, ಕೈಗವಸು ಒಬ್ಬರಿಗೂ ಇರಲಿಲ್ಲ ಎಂದೂ ಬರೆದಿದ್ದಾಳೆ. ಬಯ್ಗುಳ ಒಂದೂ ಇಲ್ಲ, 'ಅಂತೆ' ಒಂದೂ ಇಲ್ಲ. ನೋಡಿದ್ದು ಮಾತ್ರ.

ಒಂದು ಮಾತು ಸಂಪಾದಕರ ಹತ್ತಿರ ಆಡಿದ್ದೇನೆ. ಮುಂದಿನ ಸಂಚಿಕೆಯಿಂದ ಎರಡು ಪುಟ ನಿಮಗೆ ಬಿಡಲು ಒಪ್ಪಿದ್ದಾರೆ. ರೋಹಿಣಿ, ದ್ವಾರಕಾ, ಮಯೂರ ವಿಹಾರ, ನೊಯಿಡಾ, ಗುರುಗ್ರಾಮ, ನೀವು ಎಲ್ಲಿದ್ದರೂ ಸರಿ, ನಿಮ್ಮ ಬೀದಿಯ ಒಂದು ಸಂಗತಿ ಬರೆದು ಕಳಿಸಿ. ನೀವೇ ಕಣ್ಣಾರೆ ಕಂಡದ್ದಿರಲಿ. ಯಾವ ದಿನ, ಯಾವ ಜಾಗ, ಯಾರನ್ನು ಕೇಳಿದಿರಿ ಎಂದಿರಲಿ. ಕೆಳಗೆ ನಿಮ್ಮ ಹೆಸರಿರಲಿ. ಕನ್ನಡ ಬರೆಯಲು ಕಷ್ಟವಾದರೆ ಇಂಗ್ಲಿಷಿನಲ್ಲಿ ಬರೆಯಿರಿ, ನಾನು ಕನ್ನಡಕ್ಕೆ ತಿರುಗಿಸಿ ಕೊಡುತ್ತೇನೆ, ಆ ಬಿ.ಎ. ಇನ್ಯಾತಕ್ಕೆ? ಸಂಘದ ಕಾರ್ಯಕಾರಿ ಸಮಿತಿಯ ಮೇಲೆ ಬರೆದರೂ ಹಾಕುತ್ತೀರಾ ಎಂದು ಸಂಪಾದಕರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಸರಿಯಿದ್ದರೆ ಹಾಕುತ್ತೇವೆ" ಎಂದರು. ತಿಂಗಳ ಇಪ್ಪತ್ತರೊಳಗೆ ತಲುಪಬೇಕು.